ಎಮ್ಮೆಗೂ ನೋಟಿಸು ಕೊಡಬೇಕು

ನಾನು ಜೀವನದಲ್ಲಿ ಒಂದು ದಿನವೂ ನೌಕರಿ ಮಾಡಿದವಳಲ್ಲ. ಆದ್ದರಿಂದ ರಾಜೀನಾಮೆ ಕೊಡುವ ಸುಖ ಹೇಗಿರುತ್ತದೆ ಎಂಬುದೂ ನನಗೆ ಗೊತ್ತಿಲ್ಲ. ಒಮ್ಮೊಮ್ಮೆ ರೊಟ್ಟಿ ಬಡಿಯುತ್ತಿದ್ದಾಗ, ಹಿಟ್ಟಿನ ಕೈಯಲ್ಲೇ ಎದ್ದು ನಿಂತು, "ಇವತ್ತಿಗೆ ಸಾಕು, ನಾನು ಬಿಟ್ಟೆ" ಎಂದುಬಿಡಬೇಕು ಅನಿಸಿದ್ದುಂಟು. ಆದರೆ ಹೇಳುವುದು ಯಾರಿಗೆ? ನಮ್ಮನೆಯವರಿಗೆ ಹೇಳಿದರೆ, "ಆತು ಬಿಡು, ಮೊದ್ಲ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕು, ಸೀಯಾಕತ್ತೈತಿ" ಅನ್ನುತ್ತಾರೆ. ಯಡೂರಿನ ವೀರಭದ್ರ ದೇವರಿಗೆ ಹೇಳೋಣವೆಂದರೆ, ಅವನು ತಾನೇ ಎಷ್ಟೋ ಕಾಲದಿಂದ ಸೂಟಿ-ರಜೆ ಇಲ್ಲದೆ ದುಡಿಯುತ್ತಿದ್ದಾನೆ. ಅವನ ಮುಂದೆ ನಿಂತು ಇಂಥ ಮಾತು ಆಡಲು ನಾಚಿಕೆಯಾಗುತ್ತದೆ. ಒಟ್ಟಿನಲ್ಲಿ, ಮೇಲಧಿಕಾರಿ ಯಾರೆಂಬುದೇ ಗೊತ್ತಿಲ್ಲದ ಕೆಲಸ ನನ್ನದು. ಬಿಡುವ ಯೋಚನೆ ಬಂದಾಗೆಲ್ಲ ರೊಟ್ಟಿ ತಿರುವಿ ಹಾಕಿದ್ದೇನೆ, ಅಷ್ಟೇ.

ಹೀಗಿದ್ದ ನನ್ನ ಕಿವಿಗೆ "ನೋಟಿಸ್ ಪಿರಿಯಡ್" ಎಂಬ ಮಾತು ಮೊದಲು ಬಿದ್ದದ್ದು ಈ ಸಲದ ದಸರೆ ಮುಗಿದ ಮೇಲೆ, ನನ್ನ ಸೊಸೆ ಸವಿತಾಳ ಬಾಯಿಂದ.

ಸವಿತಾಳ ತವರು ಅಥಣಿ. ಮದುವೆಗೆ ಮುಂಚಿನಿಂದಲೇ ಅಲ್ಲಿಯ ಒಂದು ಖಾಸಗಿ ಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು. ಸಣ್ಣವರೆಂದರೆ, ಇನ್ನೂ ತಮ್ಮ ಮೂಗು ತಾವು ಒರೆಸಿಕೊಳ್ಳಲು ಬಾರದಷ್ಟು ಸಣ್ಣವರು. ಮದುವೆಯಾಗಿ ಚಿಕ್ಕೋಡಿಗೆ ಬಂದರೂ ಆ ಕೆಲಸ ಬಿಡಲಿಲ್ಲ. ನಮ್ಮ ಮನೆ ಇರುವುದು ಊರು ಮುಗಿದು ಕಬ್ಬು ಶುರುವಾಗುವ ಕಡೆ. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಅಥಣಿಗೆ. ಬೆಳಿಗ್ಗೆ ಮಗಳು ಗೌರಿ ಕಣ್ಣು ಬಿಡುವ ಮೊದಲೇ ತಾಯಿ ಹೊರಟಿರುತ್ತಾಳೆ. ಸಂಜೆ ತಾಯಿ ಬರುವ ಹೊತ್ತಿಗೆ ಮಗಳು ನನ್ನ ತೊಡೆಯ ಮೇಲೆ ತೂಕಡಿಸುತ್ತಿರುತ್ತಾಳೆ. ಊರ ಮಕ್ಕಳ ಮೂಗು ಒರೆಸುವ ಸವಿತಾ, ತನ್ನ ಮಗಳನ್ನು ಎಚ್ಚರವಿದ್ದಾಗ ಕಣ್ತುಂಬ ನೋಡುವುದು ರವಿವಾರಕ್ಕೊಮ್ಮೆ. ಮಿಕ್ಕ ದಿನವೆಲ್ಲ ಗೌರಿ, ಅಜ್ಜಿಯಾದ ನನಗೆ ಆಯಿ ಆಯಿ ಎನ್ನುತ್ತ, ನನ್ನ ಸೆರಗಿನ ತುದಿಗೇ ಗಂಟು ಹಾಕಿದಂತೆ. ನಾನು ಎಮ್ಮೆ ಹಿಂಡಲು ಕುಳಿತರೂ ಬೆನ್ನಿಗೆ ಬೆನ್ನು ಹಚ್ಚಿ ಕೂರುವವಳು ಅವಳು.

ಇಂಥದರಲ್ಲಿ ದೇವರು ಕಣ್ಣು ತೆರೆದ. ಚಿಕ್ಕೋಡಿಯಲ್ಲೇ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸಾಲೆಯವರು ಸವಿತಾಳನ್ನು ಕರೆದರು. ದೀಪಾವಳಿ ಸೂಟಿ ಮುಗಿದು ಸಾಲೆ ತೆರೆಯುವ ದಿನ ಅಸಲು ಕಾಗದಪತ್ರ ಹಿಡಿದು ಹಾಜರಾಗಬೇಕು, ಇಲ್ಲದಿದ್ದರೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇವೆ ಅಂದರು. ಅದರ ಮೇಲೆ, ಅಲ್ಲಿ ಕಲಿಸುವವರ ಮಕ್ಕಳಿಗೆ ಅಲ್ಲಿಯ ಬಾಲವಾಡಿಯಲ್ಲೇ ಜಾಗ. ಗೌರಿ ತಾಯಿಯ ಕೈ ಹಿಡಿದು ಹೋಗಿ ತಾಯಿಯ ಕೈ ಹಿಡಿದು ಬರಬಹುದು! ನಾನು ಅವತ್ತೇ ದೇವರ ಮುಂದೆ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿದೆ.

ಅಡ್ಡ ಬಂದದ್ದು ಅಥಣಿಯ ಸಾಲೆಯ ನಿಯಮ. ಬಿಡುವವರು ಮೂರು ತಿಂಗಳು ಮೊದಲೇ ತಿಳಿಸಬೇಕಂತೆ. ಆ ಮೂರು ತಿಂಗಳು ದುಡಿದೇ ಹೋಗಬೇಕಂತೆ. ಸವಿತಾಳ ಓದಿನ ಅಸಲು ಕಾಗದಗಳೆಲ್ಲ ಕೆಲಸಕ್ಕೆ ಸೇರುವಾಗಲೇ ಅವರ ಕಪಾಟು ಸೇರಿದ್ದವು.

"ಮೂರು ತಿಂಗಳಾ? ಅಷ್ಟರಾಗ ಕನ್ಯಾ ನೋಡಿ, ಲಗ್ನಾ ಮಾಡಿ, ಹಂದರಾನೂ ಕಿತ್ತಬಹುದಲ್ಲ ಬೇ!" ಅಂದೆ.

"ಲಗ್ನಾ ಮಾಡೋದು ಸಲೀಸ್ರಿ ಅತ್ತಿ," ಅಂದಳು ಸವಿತಾ, ಬಸ್ಸಿನ ಧೂಳು ಹತ್ತಿದ ಕಾಲು ತೊಳೆಯುತ್ತ. "ಸಾಲಿ ಬಿಡೋದಾ ತ್ರಾಸು."

ಅವತ್ತಿನಿಂದ ಈ ನೋಟಿಸಿನ ವಿಚಾರ ನನ್ನ ತಲೆಯಲ್ಲಿ ಮೊಸರು ಕಡೆದಂತೆ ತಿರುಗತೊಡಗಿತು. ಜಗತ್ತಿನಲ್ಲಿ ಯಾರು ಹೇಳಿ ಹೋಗುತ್ತಾರೆ, ಯಾರು ಹೇಳದೆ ಹೋಗುತ್ತಾರೆ? ನೀವೂ ಒಮ್ಮೆ ಯೋಚಿಸಿ ನೋಡಿ, ಕೈ ಖಾಲಿ ಇದ್ದಾಗ. ಗ್ಯಾಸ್ ಸಿಲಿಂಡರು ಹೇಳದೆ ಹೋಗುತ್ತದೆ, ಅದೂ ಬೀಗರು ಊಟಕ್ಕೆ ಕುಳಿತಾಗಲೇ. ಸೂರ್ಯ ಮಾತ್ರ ದಿನಾಲು ಆಕಾಶವನ್ನೆಲ್ಲ ಕೆಂಪು ಮಾಡಿ, ದನಗಳು ಮನೆಗೆ ಬಂದವೋ ಇಲ್ಲವೋ ನೋಡಿಕೊಂಡೇ ಮುಳುಗುತ್ತಾನೆ. ನಮ್ಮ ಕೃಷ್ಣಾ ನದಿಯ ರೀತಿ ಬೇರೆ. ನನ್ನ ತವರು ಯಡೂರು. ಹೊಳೆಯ ದಂಡೆಯ ಮೇಲೆ ಬೆಳೆದವಳು ನಾನು. ಮಳೆಗಾಲದಲ್ಲಿ ಹೊಳೆ ಬರುವಾಗ ತಿಳಿಸಿಯೇ ಬರುತ್ತದೆ. ಮೊದಲು ಬಟ್ಟೆ ಒಗೆಯುವ ಕಲ್ಲು ಮುಳುಗುತ್ತದೆ, ಆಮೇಲೆ ಮೆಟ್ಟಿಲು, ಆಮೇಲೆ ಹೊಲದ ಬದು. ಹಿರಿಯರು ಪ್ರತಿ ಸಂಜೆ ಹೋಗಿ ನೋಡಿ ಬಂದು, "ಇನ್ನೂ ಟೈಮ್ ಐತಿ" ಅನ್ನುತ್ತಿದ್ದರು. ಆದರೆ ಅದೇ ಹೊಳೆ ಇಳಿಯುವಾಗ ಯಾರಿಗೂ ಹೇಳುವುದಿಲ್ಲ. ಒಂದು ಮುಂಜಾನೆ ಎದ್ದು ನೋಡಿದರೆ ಕೆಸರು ಬಿಟ್ಟು ತಾನು ಹೋಗಿರುತ್ತದೆ.

ಹೊಳೆಯ ಮಾತು ಬಿಡಿ, ಅದೇ ಹೆಸರಿನ ದೇವರೂ ಹಾಗೆಯೇ. ಭಜನೆ ಮುಗಿದ ಮೇಲೆ ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಕಥೆ ಹೇಳುತ್ತಾಳೆ: ಕೃಷ್ಣ ಗೋಕುಲ ಬಿಟ್ಟು ಮಥುರೆಗೆ ಹೊರಟ. ರಥ ಬಂತು, ಹತ್ತಿದ, ಹೋದ. ಗೋಪಿಯರು ಅತ್ತರು, ಸರಿ. ಆಕಳುಗಳೂ ಮೇವು ಬಿಟ್ಟು ಹಾಲು ನಿಲ್ಲಿಸಿದವಂತೆ. ಎಲ್ಲರೂ ಇಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಪ್ರತಿ ಸಲ ಒಂದೇ ವಿಚಾರ ಬರುತ್ತದೆ. ಅವನೂ ದನ ಕಾದವನೇ ಅಲ್ಲವೇ? ಹೋಗುವಾಗ ತನ್ನ ಪೀತಾಂಬರವನ್ನು ಯಶೋದೆಗೆ ಕೊಟ್ಟು, "ಅವ್ವಾ, ಹಿಂಡಾಕ ಕುಂದ್ರುವಾಗ ಇದನ್ನ ಹೊದ್ದುಕೋ" ಎಂದು ಒಂದು ಮಾತು ಹೇಳಿ ಹೋಗಬಾರದಿತ್ತೇ?

ಇದನ್ನು ಓದಿ ನಗುತ್ತಿರುವವರು ಎಮ್ಮೆ ಸಾಕಿದವರಲ್ಲ ಎಂದೇ ತಿಳಿಯುತ್ತೇನೆ. ಎಮ್ಮೆ ಒಂದು ಕೈಗೆ ರೂಢಿಯಾಯಿತೆಂದರೆ ಇನ್ನೊಂದು ಕೈಗೆ ಹಾಲು ಇಳಿಸುವುದಿಲ್ಲ. ಒದೆಯುತ್ತದೆ, ಇಲ್ಲವೇ ಕಲ್ಲಿನಂತೆ ನಿಂತು ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಒಂದು ಉಪಾಯ. ಹೊಸದಾಗಿ ಹಿಂಡುವವರು ಹಳೆಯ ಕೈಯವರ ಸೀರೆಯನ್ನು, ಅದೂ ಒಗೆಯದ ಸೀರೆಯನ್ನು, ಉಟ್ಟು ಕೂರುತ್ತಾರೆ. ಎಮ್ಮೆ ಮೂಸಿ ನೋಡುತ್ತದೆ, ಗುರುತಿನ ವಾಸನೆ ಸಿಕ್ಕಿತೆಂದರೆ ನಿಟ್ಟುಸಿರು ಬಿಟ್ಟು ಹಾಲು ಕೊಡುತ್ತದೆ.

ಯಡೂರಿನ ನಮ್ಮ ಮನೆಯಲ್ಲಿ ಗಂಗಿ ಎಂಬ ಎಮ್ಮೆ ಇತ್ತು. ಅದು ನನ್ನ ಕೈ ಎಮ್ಮೆ. ನನ್ನ ಲಗ್ನ ಗಟ್ಟಿಯಾದ ಮರುದಿನವೇ ನಮ್ಮವ್ವ ನನ್ನ ಹಸಿರು ಚೌಕಳಿ ಸೀರೆ ಕೇಳಿದಳು. "ಅದೊಂದು ಇಲ್ಲೇ ಇರ್ಲಿ ಬೇ, ಒಯ್ಯಬ್ಯಾಡ" ಅಂದಳು. ಮಗಳು ಹೋದ ಮೇಲೆ ಅವ್ವ ಆ ಸೀರೆ ಎದೆಗಪ್ಪಿಕೊಂಡು ಅಳುತ್ತಾಳೆ ಎಂದು ನಾನೇ ಅದನ್ನು ಮಡಚಿ, ಮುತ್ತಿಟ್ಟು, ಕಣ್ಣೀರು ಹಾಕುತ್ತ ಕೊಟ್ಟೆ. ಸಂಜೆ ನೋಡಿದರೆ ಅವ್ವ ಅದನ್ನು ಉಟ್ಟು ಚರಗಿ ಹಿಡಿದು ಗಂಗಿಯ ಪಕ್ಕ ಕುಳಿತಿದ್ದಾಳೆ! "ಹಂಗ ಏನ್ ನೋಡ್ತಿ? ನೀ ಮಗ್ಗಲದಾಗ ನಿಂದ್ರು, ಅದಕ್ಕ ಸಂಶೇ ಬರಬಾರ್ದು" ಅಂದಳು. ಲಗ್ನದ ತನಕ ದಿನಾಲು ಹೀಗೆ. ಮೊದಲು ನಾನು ಹಿಂಡುವುದು, ಅವ್ವ ಪಕ್ಕ. ಆಮೇಲೆ ಅವ್ವ ಹಿಂಡುವುದು, ನಾನು ಪಕ್ಕ. ಕಡೆಗೆ ಅವ್ವ ಒಬ್ಬಳೇ, ನಾನು ಬಾಗಿಲ ಹಿಂದೆ. ನನ್ನ ಲಗ್ನದ ತಯಾರಿ ಎಂದರೆ ಮುಕ್ಕಾಲು ಪಾಲು ಗಂಗಿಯ ತಯಾರಿಯೇ ಆಯಿತು. ಈಗ ಅನಿಸುತ್ತದೆ, ನಾನು ಪೂರ್ತಿ ನೋಟಿಸ್ ಪಿರಿಯಡ್ ಮುಗಿಸಿ ಬಿಟ್ಟ ಕೆಲಸ ಅದೊಂದೇ.

ಇತ್ತ ಸವಿತಾ ತನ್ನ ಸಾಲೆಯ ದೊಡ್ಡ ಅಕ್ಕೋರನ್ನು ಕೇಳಿದಳು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ; ಇವರು ಅವರೆಲ್ಲರ ಮೇಲಿನವರು. ಕೆಟ್ಟವರೇನಲ್ಲ. ನಿಯಮ ಅವರು ಮಾಡಿದ್ದೂ ಅಲ್ಲ. "ನಡುವರ್ಷದಾಗ ಬಿಟ್ಟರ ಸಣ್ಣ ಮಕ್ಕಳು ಅಳತಾವು ಸವಿತಾ, ಪಾಲಕರು ನನ್ನ ಬಾಗಲಕ್ಕ ಬರತಾರು. ನಿನ್ನ ಜಾಗಾಕ್ಕ ಒಬ್ಬಾಕಿನ್ನ ಹುಡುಕಿ ತಾ, ಮಕ್ಕಳು ಆಕಿಗೆ ಹೊಂದ್ಲಿ, ಆಮ್ಯಾಲ ವಿಚಾರ ಮಾಡೂಣು" ಅಂದರಂತೆ. ಸವಿತಾ ಹುಡುಕಿದಳು. ಅಥಣಿಯದೇ ಹುಡುಗಿ, ಅಶ್ವಿನಿ ಅಂತ, ಹೊಸದಾಗಿ ಮದುವೆಯಾದವಳು, ಕಲಿತವಳು, ಹಸನ್ಮುಖಿ. ಅವಳು ಬಂದು ಸವಿತಾಳ ಜೊತೆ ತರಗತಿಯಲ್ಲಿ ಕೂರತೊಡಗಿದಳು. ಮಕ್ಕಳು ಮಾತ್ರ ಅವಳನ್ನು ಹತ್ತಿರ ಸೇರಿಸಲಿಲ್ಲ. ಚಿನ್ನಿ ಎಂಬ ಒಂದು ಹುಡುಗಿಯಂತೂ ಸವಿತಾ ಮುರಿದು ಕೊಟ್ಟರೆ ಮಾತ್ರ ಡಬ್ಬಿಯ ಚಪಾತಿ ತಿನ್ನುವವಳು. ಅಶ್ವಿನಿ ಮುರಿದರೆ, "ಹಿಂಗ ಮುರಿಯೋದಲ್ಲ" ಎಂದು ಅಳುತ್ತಾಳಂತೆ. ಚಪಾತಿ ಮುರಿಯುವುದರಲ್ಲೂ ಹೇಗೆ ಹೇಗೆ ಇದೆಯೋ, ಆ ಕೂಸಿಗೇ ಗೊತ್ತು.

ಸೂಟಿ ಹತ್ತಿರ ಬರುತ್ತಿತ್ತು. ನಾನು ನನ್ನ ಕೈಲಾದದ್ದು ಮಾಡಿದೆ: ಸವಿತಾಳ ಕಾಗದಗಳು ಕೈಗೆ ಬರುವ ತನಕ ಚಹಾ ಕುಡಿಯುವುದಿಲ್ಲ ಎಂದು ವೀರಭದ್ರನಿಗೆ ಹರಕೆ ಹೊತ್ತೆ. ಹೊರುವಾಗ ಭಾರ ಗೊತ್ತಾಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ತಲೆಯೊಳಗೆ ಯಾರೋ ಶೇಂಗಾ ಕುಟ್ಟುತ್ತಿದ್ದರು. ಬಂದವರ ಮೇಲೆ ಸಿಡಿದೆ, ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ನಮ್ಮನೆಯವರು ಎದುರಿಗೇ ಕುಳಿತು, ಬೇಕೆಂದೇ ಸಪ್ಪಳ ಮಾಡಿ ಚಹಾ ಹೀರುತ್ತ, "ಏ ಗೌರಿ ಆಯಿ, ಚಹಾಕ್ಕೂ ಮೂರು ತಿಂಗಳು ನೋಟಿಸ್ ಕೊಟ್ಟು ಬಿಡಬೇಕಿತ್ತು ನೋಡು. ಒಮ್ಮೆಕಲೆ ಬಿಟ್ಟಿದ್ದಕ್ಕ ತಲಿ ಕೇಸ್ ಹಾಕೇತಿ" ಅಂದರು.

ಆ ತಲೆನೋವಿನಲ್ಲೇ ನನಗೆ ಗಂಗಿಯ ನೆನಪಾಯಿತು. ಸವಿತಾಳಿಗೆ ಹೇಳಿದೆ: "ನಿನ್ನ ಗಿಳಿ ಸೀರಿ ಐತಲ್ಲ, ಅದನ್ನ ಅಶ್ವಿನಿಗೆ ಉಡಸು. ಮಕ್ಕಳು ಹೊಂದ್ಕೊಂತಾವು."

ಗಿಳಿ ಸೀರೆ ಎಂದರೆ ಸವಿತಾಳ ಒಂದು ಹಳದಿ ನೂಲಿನ ಸೀರೆ, ಸೆರಗಿನ ಮೇಲೆ ಸಾಲಾಗಿ ಗಿಳಿಗಳು. ಆ ಗಿಳಿಗಳನ್ನು ಮುಟ್ಟಿಸಿಯೇ ಮಕ್ಕಳಿಗೆ ಎಣಿಸಲು ಕಲಿಸುತ್ತಿದ್ದಳು. ವಾರಕ್ಕೊಮ್ಮೆ ಅದನ್ನು ಉಡದಿದ್ದರೆ ಮಕ್ಕಳು ಗಿಳಿ ಎಲ್ಲಿ ಹೋದವು ಎಂದು ಕೇಳುತ್ತಿದ್ದವಂತೆ. ಆ ಸೆರಗಿಗೆ ಎಷ್ಟು ಮೂಗು ಒರೆಸಿಕೊಂಡಿವೆಯೋ ಲೆಕ್ಕವಿಲ್ಲ.

"ಅತ್ತಿ, ಅವು ಮಕ್ಕಳ್ರಿ," ಅಂದಳು ಸವಿತಾ.

"ಹಾಲು ಕುಡಿಯೋ ಮಕ್ಕಳಿರ್ಲಿ, ಹಾಲು ಕೊಡೋ ಎಮ್ಮಿ ಇರ್ಲಿ, ಬುದ್ಧಿ ಒಂದಾ. ಮತ್ತ ಕೇಳಿಲ್ಲೆ, ಒಗದು ಒಯ್ಯಬ್ಯಾಡ, ವಾಸನಿ ಹೋಗ್ತೈತಿ."

ಒಳಗಿನಿಂದ ನಮ್ಮನೆಯವರು, "ಒಂದೀಟು ಹಿಂಡಿನೂ ಕಟ್ಟಿಕೊಡು, ಸಾಲಿಗೆ ಒಯ್ಲಿ" ಅಂದರು. ಎಮ್ಮೆಗೆ ಹಾಕುವ ಹಿಂಡಿಯನ್ನು. ಸವಿತಾ ನಕ್ಕಳು. ಆದರೆ ಬೇರೆ ಹಾದಿ ಇಲ್ಲದವರು ಕಡೆಗೆ ಅತ್ತೆಯ ಮಾತನ್ನೂ ಕೇಳುತ್ತಾರೆ. ಸೀರೆ ಚೀಲದೊಳಗೆ ಹೋಯಿತು.

ಸೂಟಿಗೆ ಮುಂಚಿನ ಕಡೆಯ ಶನಿವಾರ, ಅರ್ಧ ದಿನದ ಸಾಲೆ. ನಾನೂ ಬರುತ್ತೇನೆ, ದೊಡ್ಡ ಅಕ್ಕೋರಿಗೆ ಕೈ ಮುಗಿದು ಕೇಳುತ್ತೇನೆ ಎಂದು ಹಟ ಹಿಡಿದೆ. ನಾನು ಬಂದ ಮೇಲೆ ಗೌರಿಯನ್ನು ಬಿಟ್ಟು ಬರುವುದು ಹೇಗೆ? ಮೂವರೂ ಬಸ್ಸು ಹತ್ತಿದೆವು. ಎರಡೂ ಕಡೆ ಕಬ್ಬು. ನಡುನಡುವೆ ಅರೆ ಕಡಿದ ಹೊಲಗಳು. ಹೊಳೆಯ ಸೇತುವೆ ಬಂದಾಗ ಯಡೂರು ಇರುವ ದಿಕ್ಕಿಗೆ ಕೈ ಮುಗಿದೆ. ಗೌರಿಗೆ ಮಾತ್ರ ಅದೊಂದು ಹಬ್ಬ. ತಾಯಿಯ ತೊಡೆಯ ಮೇಲೆ, ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ! "ಮಮ್ಮಿ, ನೀ ದಿನಾ ಇಷ್ಟು ದೂರ ಬರ್ತಿ?" ಎಂದು ಕೇಳಿದಳು. ಸವಿತಾ ಕಿಟಕಿಯ ಆಚೆ ನೋಡಿದಳು.

ಸಾಲೆಯಲ್ಲಿ ಅಶ್ವಿನಿ ಪಾಪ, ಆ ಒಗೆಯದ ಸೀರೆಯನ್ನು ಮುಖ ಸಿಂಡರಿಸದೆ ಉಟ್ಟು ಬಂದಳು. ಹೊಸ ಮದುವಣಗಿತ್ತಿ, ಕೈತುಂಬ ಹಸಿರು ಬಳೆ, ಸೆರಗಿನ ತುಂಬ ಪರರ ಮಕ್ಕಳ ಸಿಂಬಳ. ಅವಳಿಗೆ ನಾನು ಮನಸ್ಸಿನಲ್ಲೇ ಎಂಟು ಮಕ್ಕಳಾಗಲಿ ಎಂದು ಹರಸಿದೆ. ಆಮೇಲೆ ಈಗಿನ ಕಾಲ ನೆನಪಾಗಿ ಎರಡಕ್ಕಿಳಿಸಿದೆ. ಸವಿತಾ ಹೊರಗೆ ನಿಂತಳು. ನಾನೂ ಗೌರಿಯೂ ಕಿಟಕಿಯ ಬದಿ. ಅಶ್ವಿನಿ ಒಳಗೆ ಕಾಲಿಟ್ಟಳು.

ಒಂದು ಗಳಿಗೆ ತರಗತಿ ಸುಮ್ಮನಾಯಿತು. ನಾನು ಹೆಮ್ಮೆಯಿಂದ ಸವಿತಾಳ ಕಡೆ ನೋಡಿದೆ. ಅಷ್ಟರಲ್ಲಿ ಚಿನ್ನಿ ಎದ್ದು ನಿಂತು ಬೆರಳು ತೋರಿಸಿ, "ಇವು ನಮ್ಮ ಮಿಸ್ ಗಿಳಿ! ನೀವು ಯಾಕ ಉಟ್ಟೀರಿ? ಬಿಚ್ಚಿ ಕೊಡ್ರಿ!" ಎಂದು ಕೂಗಿದಳು. ಇನ್ನೊಂದು, "ಕಳವು ಮಾಡ್ಯಾರು!" ಅಂದಿತು. ಮೂರನೆಯದು ಬಾಯಿ ತೆರೆದು ಅಳತೊಡಗಿತು, ಅದನ್ನು ನೋಡಿ ಮಿಕ್ಕವೆಲ್ಲ. ಒಂದೆರಡು ಮಕ್ಕಳು ಗಿಳಿಗಳನ್ನು ಬಿಡಿಸಿಕೊಳ್ಳಲು ಸೆರಗು ಹಿಡಿದು ಜಗ್ಗಿದವು. ಅಶ್ವಿನಿ ಎರಡೂ ಕೈಯಲ್ಲಿ ನಿರಿಗೆ ಹಿಡಿದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಗಂಗಿ ಇವರೆಲ್ಲರಿಗಿಂತ ದೊಡ್ಡ ಸಜ್ಜನ ಎಂದು ನನಗೆ ಆಗ ಅರಿವಾಯಿತು.

ಸವಿತಾ ಓಡಿ ಒಳಗೆ ಹೋದಳು. ಗದ್ದಲ ಕೇಳಿ ದೊಡ್ಡ ಅಕ್ಕೋರೂ ಬಂದರು. ಕನ್ನಡಕ ಮೇಲೇರಿಸಿ ಸೀರೆ ನೋಡಿದರು, ಮಕ್ಕಳನ್ನು ನೋಡಿದರು.

"ಯಾರ ಉಪಾಯ ಇದು?"

ನಾನು ಮುಂದೆ ಬಂದೆ. "ನಂದಾರಿ. ನಾ ಸವಿತಾನ ಅತ್ತಿ."

"ಸೀರಿ ಬದಲು ಮಾಡಿದ್ರ ಮಕ್ಕಳಿಗೆ ತಿಳಿಯಂಗಿಲ್ಲ ಅಂತ ಯಾರು ಹೇಳಿದ್ರು ನಿಮಗ?"

"ನಮ್ಮ ಎಮ್ಮಿರಿ."

ಬಾಯಿಗೆ ಬಂದದ್ದು ಬಂದುಬಿಟ್ಟಿತ್ತು. ನುಂಗುವಂತಿರಲಿಲ್ಲ. ಗಂಗಿಯ ಕಥೆಯನ್ನೆಲ್ಲ ಹೇಳಬೇಕಾಯಿತು.

"ಅಲ್ರಿ, ನನ್ನ ಸಾಲಿ ಮಕ್ಕಳನ್ನ ಎಮ್ಮಿಗೆ ಹೋಲಿಸಾಕತ್ತೀರೆಲ್ಲ," ಅಂದರು ಅವರು. "ಇದು ಪಾಲಕರ ಕಿವಿಗೆ ಬಿದ್ರ ನಾಳೆ ನನ್ನ ಗತಿ ಏನ್ರಿ?"

"ಇಲ್ರಿ ಅಕ್ಕೋರ, ಎಮ್ಮಿನ್ನ ಮಕ್ಕಳಿಗೆ ಹೋಲಿಸಿದ್ನಿರಿ. ಈಗ ಗೊತ್ತಾತು, ಎಮ್ಮಿ ಆ ಮಟ್ಟಕ್ಕ ಬರಂಗಿಲ್ಲ."

ಅವರ ತುಟಿಯ ಅಂಚು ಸ್ವಲ್ಪ ಅಲುಗಿತು. ಆದರೆ ಮಾತು ಬಿಗಿಯಾಗಿಯೇ ಇತ್ತು. "ನೋಡಿದ್ರಿಲ್ಲ? ಇದಕ್ಕ ನಾ ಬಿಡಂಗಿಲ್ಲ ಅಂತ ಹೇಳಿದ್ದು."

ಒಳಗೆ ಸವಿತಾ ನೆಲದ ಮೇಲೆ ಕುಳಿತಿದ್ದಳು. ಚಿನ್ನಿ ಅವಳ ತೊಡೆಯ ಮೇಲೆ, ಇನ್ನಿಬ್ಬರು ಕೊರಳಿಗೆ. ಒಬ್ಬೊಬ್ಬರ ಕಣ್ಣು ಒರೆಸಿ ಏನೋ ಹೇಳುತ್ತಿದ್ದಳು. ಬಾಗಿಲಲ್ಲಿ ಗೌರಿ ನನ್ನ ಬೆರಳು ಹಿಡಿದು ನಿಂತು ನೋಡುತ್ತಿದ್ದಳು. ನಾನು ತಿಳಿದದ್ದು, ಇವಳೂ ಈಗ ಓಡಿ ಹೋಗಿ, ಅದು ನನ್ನ ಮಮ್ಮಿ ಎಂದು ಚಿನ್ನಿಯನ್ನು ನೂಕುತ್ತಾಳೆ ಎಂದು. ಅವಳು ಓಡಲಿಲ್ಲ. ಅಳಲೂ ಇಲ್ಲ. ಸರದಿಯಲ್ಲಿ ನಿಂತವರು ಕೇಳುವಂತೆ ಮೆಲ್ಲಗೆ ಕೇಳಿದಳು:

"ಆಯಿ, ಇವರು ನಮ್ಮ ಮಮ್ಮಿನ್ನ ಯಾವಾಗ ಬಿಡ್ತಾರು?"

ದೊಡ್ಡ ಅಕ್ಕೋರು ಕೆಳಗೆ ನೋಡಿದರು. "ಈಕಿ ಯಾರು?"

"ಸವಿತಾನ ಮಗಳ್ರಿ."

"ಇಷ್ಟು ದಿನಾ ಎಲ್ಲಿದ್ಲು?"

"ನನ್ನ ಕಡೇನ ಇದ್ಲಲ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. ತರಗತಿಯಲ್ಲಿ ಅಳು ಇಳಿದು ಬಿಕ್ಕಳಿಕೆಗೆ ಬಂದಿತ್ತು. ಅಶ್ವಿನಿ ಇನ್ನೂ ಗೋಡೆಗೆ ಒರಗಿಯೇ ಇದ್ದಳು, ಆದರೆ ಒಂದು ಪುಟ್ಟ ಕೂಸು ಅಳು ಮುಗಿಸಿ ಅವಳ ಸೆರಗಿನಲ್ಲಿ ಗಿಳಿ ಎಣಿಸುತ್ತಿತ್ತು. ಅಶ್ವಿನಿ ಉಸಿರು ಬಿಗಿ ಹಿಡಿದು ಅದಕ್ಕೆ ಸಹಕರಿಸುತ್ತಿದ್ದಳು.

"ಇಲ್ಲಿ ಕೇಳ್ರಿ," ಅಂದರು ಕಡೆಗೆ ದೊಡ್ಡ ಅಕ್ಕೋರು. "ದೀಪಾವಳಿ ಸೂಟಿ ಮುಗಿಸಿ ಬರೋ ಮಕ್ಕಳು ಹೆಂಗೂ ಹೊಸದಾಗಿ ಅಳತಾವು. ಸವಿತಾ ಇದ್ರೂ ಅಳತಾವು, ಇಲ್ಲದಿದ್ರೂ ಅಳತಾವು. ವರ್ಷಾ ನೋಡಾಕತ್ತೀನಿ. ಆ ಅಳು ಅಶ್ವಿನಿ ಪಾಲಿಗೆ ಬರ್ಲಿ. ಸೂಟಿನಾ ನೋಟಿಸ್ ಅಂತ ಹಿಡೀತೀನಿ. ಮ್ಯಾಲಿನವರಿಗೆ ನಾ ಹೇಳ್ಕೋತೀನಿ." ಆಮೇಲೆ ಬೆರಳೆತ್ತಿ, "ಆದ್ರ ಆ ಸೀರಿ ಇಲ್ಲೇ ಇರಬೇಕು. ಉಡಾಕಲ್ಲ, ಗ್ವಾಡಿಗೆ ಕಟ್ಟಾಕ. ಒಮ್ಮೆ ಒಗೀರಿ ಮತ್ತ."

ಇದು ನನಗೆ ಹೊಳೆದಿರಲಿಲ್ಲ ನೋಡಿ. ಮಕ್ಕಳ ಅಳುವಿಗೂ ಒಂದು ಹಂಗಾಮು ಉಂಟು, ಅದು ಬರುವ ಹೊತ್ತಿಗೆ ಹೊಸಬರನ್ನು ನಿಲ್ಲಿಸಿದರೆ ಆಯಿತು. ಕಪಾಟು ತೆರೆದ ಸದ್ದು ಕೇಳಿದಾಗ ನನ್ನ ಕಣ್ಣಲ್ಲಿ ನೀರು. ಸವಿತಾ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು, ದೊಡ್ಡ ಅಕ್ಕೋರ ಕಾಲು ಮುಟ್ಟಲು ಬಾಗಿದಳು. ಅವರು ಭುಜ ಹಿಡಿದು ಎತ್ತಿ, "ಹೋಗು ಸಾಕು, ಬಸ್ಸು ತಪ್ಪತೈತಿ" ಎಂದು ಗದರಿದರು. ಗದರುವವರ ಮೂಗು ಕೆಂಪಾಗಿತ್ತು.

ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಮಾಡಿದ ಮೊದಲ ಕೆಲಸ ಒಂದು ಚಹಾ ಕುಡಿದದ್ದು. ಕಾಗದ ಕೈಗೆ ಬಂದಿತ್ತು, ಹರಕೆ ಮುಗಿದಿತ್ತು. ಯಡೂರಿನ ತನಕ ತಾಳಬಹುದಿತ್ತು ಎಂದು ನೀವು ಅನ್ನಬಹುದು. ವೀರಭದ್ರನಾದರೂ ನನ್ನ ತಲೆನೋವನ್ನು ನೋಡಿದವನೇ. ಅವನು ಮಾಫ್ ಮಾಡಿರುತ್ತಾನೆ. ಅಂಥ ಚಹಾ ನಾನು ಜನ್ಮದಲ್ಲಿ ಕುಡಿದಿಲ್ಲ.

ದೀಪಾವಳಿ ಚೆನ್ನಾಗಿ ಆಯಿತು. ಸಾಲೆ ತೆರೆಯುವ ದಿನ ಬಂತು. ಗೌರಿಗೆ ಅದು ಮೊದಲ ದಿನವಲ್ಲವೇ, ನಾನು ಎಲ್ಲ ತಯಾರಿಯಲ್ಲಿದ್ದೆ. ಅವಳು ಅಳುತ್ತಾಳೆ, ನನ್ನ ಕೊರಳು ಬಿಡುವುದಿಲ್ಲ, ಸಾಲೆಯ ಗೇಟಿನ ತನಕ ಎತ್ತಿಕೊಂಡು ಹೋಗಬೇಕಾಗುತ್ತದೆ ಎಂದು ಸೆರಗಿನ ತುದಿಯಲ್ಲಿ ಶೇಂಗಾದ ಉಂಡೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತೆ. ಗೌರಿ ಹೊಸ ಚೀಲ ಬೆನ್ನಿಗೆ ಹಾಕಿಕೊಂಡು ಬಂದಳು. ನನ್ನ ಚಪ್ಪಲಿ ನೋಡಿದಳು.

"ಆಯಿ, ನೀ ಬರಬ್ಯಾಡ. ಮಮ್ಮಿ ಅದಾಳಲ್ಲ."

ಅಷ್ಟೇ. ತಾಯಿ ಮಗಳು ಕೈ ಕೈ ಹಿಡಿದು ಕಬ್ಬಿನ ಬದಿಯ ಹಾದಿಯಲ್ಲಿ ಹೋದರು. ತಿರುವಿನಲ್ಲಿ ಗೌರಿ ತಿರುಗಿ ನೋಡುತ್ತಾಳೆ ಎಂದು ಕೈ ಎತ್ತಿಯೇ ನಿಂತಿದ್ದೆ. ನೋಡಲಿಲ್ಲ. ಎತ್ತಿದ ಕೈಯನ್ನು ಏನಾದರೂ ಮಾಡಬೇಕಲ್ಲ, ತೋರಣ ಸರಿ ಮಾಡಿದೆ.

ಒಳಗೆ ಬಂದು ರೂಢಿಯಂತೆ ಚಹಾ ಸೋಸಿದೆ. ರೂಢಿಯಂತೆ ಪಕ್ಕದಲ್ಲಿ ಸಣ್ಣ ಲೋಟಕ್ಕೆ ಹಾಲು ಹಾಕಿ ಆರಿಸಿದೆ. ಕುಡಿಯುವವರು ಇರಲಿಲ್ಲ. ಇಷ್ಟು ದಿನ ಊರೆಲ್ಲ ಓಡಾಡಿ, ದೇವರನ್ನು ಕಾಡಿ, ಎಮ್ಮೆಯ ಪುರಾಣ ಹೇಳಿ ಸೊಸೆಯ ನೋಟಿಸು ಬಿಡಿಸಿದವಳು ನಾನು. ಇದರಲ್ಲಿ ನನ್ನದೂ ಒಂದು ಕೆಲಸ ಹೋಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಅದೂ ಒಂದು ಗಳಿಗೆಯ ನೋಟಿಸು ಇಲ್ಲದೆ.

ಲಗ್ನವಾದ ಮೊದಲ ಪಂಚಮಿಗೆ ತವರಿಗೆ ಹೋದಾಗ ಅವ್ವ ನನ್ನ ಹಸಿರು ಚೌಕಳಿ ಸೀರೆ ಉಟ್ಟೇ ಬಾಗಿಲಿಗೆ ಬಂದಿದ್ದಳು. ನಕ್ಕಿದ್ದೆ. ಮರು ಪಂಚಮಿಗೆ ಹೋದಾಗ ಗಂಗಿ ಇರಲಿಲ್ಲ, ಮಾರಿದ್ದರು. ಅವ್ವ ಆಗಲೂ ಅದೇ ಸೀರೆ ಉಟ್ಟು ಜೋಳ ಹಸನು ಮಾಡುತ್ತಿದ್ದಳು. "ಎಮ್ಮಿನಾ ಇಲ್ಲ, ಇದನ್ಯಾಕ ಉಟ್ಟೀಯವ್ವ?" ಅಂದಿದ್ದೆ. "ಮೆತ್ತಗೈತಿ, ಇರ್ಲಿ ಬಿಡು," ಅಂದು ಅವ್ವ ಮೊರ ಕೊಡವಿದ್ದಳು. ನಾನು ನಂಬಿದ್ದೆ. ನೂಲಿನ ಸೀರೆ ಹಳೆಯದಾದಷ್ಟೂ ಮೆತ್ತಗಾಗುವುದು ನಿಜವೇ ಅಲ್ಲವೇ.

ಅವತ್ತು ಮಧ್ಯಾಹ್ನ ಎಮ್ಮೆಯ ಕೊಟ್ಟಿಗೆ ಗುಡಿಸಲು ಹೋದಾಗ ಧೂಳಿಗೆ ಅಡ್ಡವಾಗಿ ತಲೆಗೆ ಏನಾದರೂ ಕಟ್ಟಬೇಕಿತ್ತು. ಗೂಟಕ್ಕೆ ಗೌರಿಯ ಕೆಂಪು ಸ್ಕಾರ್ಫು ತೂಗುತ್ತಿತ್ತು. ನನ್ನ ತಲೆಗೆ ಸಾಲುವುದಿಲ್ಲ. ಗಲ್ಲದ ಕೆಳಗೆ ಗಂಟು ಬೀಳಲು ಹೆಣಗಾಡಬೇಕಾಯಿತು. ಕಟ್ಟಿಕೊಂಡೆ. ನಮ್ಮನೆಯವರು ಕಬ್ಬಿಗೆ ನೀರು ಬಿಟ್ಟು ಬಂದವರು ನಿಂತು ನೋಡಿದರು.

"ಏನಿದು ಅವತಾರ?"

"ಮೆತ್ತಗೈತಿ, ಇರ್ಲಿ ಬಿಡ್ರಿ."

ಅವರು ಎಂದಿನಂತೆ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ಒಳಗೆ ಹೋಗಿ ತಾವೇ ಚಹಾಕ್ಕೆ ಇಟ್ಟರು. ಇದನ್ನೂ ನಾನು ದೇವರ ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ.

ಅಥಣಿಯಿಂದ ಅಶ್ವಿನಿ ಫೋನ್ ಮಾಡಿದ್ದು ಅದೇ ಹೊತ್ತಿಗೆ. ಸವಿತಾ ಇನ್ನೂ ಬಂದಿರಲಿಲ್ಲವೆಂದು ನನಗೇ ಹೇಳಿದಳು. ಮಕ್ಕಳೆಲ್ಲ ಅತ್ತವಂತೆ, ದೊಡ್ಡ ಅಕ್ಕೋರು ಹೇಳಿದಂತೆಯೇ. ಆಮೇಲೆ ಗೋಡೆಯ ಗಿಳಿ ಎಣಿಸಲು ಎದ್ದವಂತೆ. ಚಿನ್ನಿ ಊಟದ ಹೊತ್ತಿಗೆ ಡಬ್ಬಿ ತಂದು ಮುಂದಿಟ್ಟು, "ಹಿಂಗ ಮುರೀಬೇಕು" ಎಂದು ಚಪಾತಿ ಮುರಿಯುವುದನ್ನು ತಾನೇ ಕಲಿಸಿ ಕೊಟ್ಟಳಂತೆ.

ಫೋನ್ ಇಡುವಷ್ಟರಲ್ಲಿ ಅಂಗಳದಲ್ಲಿ ಓಡಿ ಬರುವ ಹೆಜ್ಜೆ. ಬೆನ್ನ ಮೇಲೆ ಕುಣಿಯುವ ಚೀಲ, ಹಿಂದೆ ನಗುತ್ತ ಸವಿತಾ. ಗೌರಿ ಬಾಗಿಲಲ್ಲಿ ಗಕ್ಕನೆ ನಿಂತಳು. ನನ್ನ ತಲೆ ನೋಡಿದಳು. ಅವಳ ಹುಬ್ಬು ಚಿನ್ನಿಯ ಹುಬ್ಬಿನಂತೆಯೇ ಗಂಟಿಕ್ಕಿತು.

"ಅದು ನಂದು! ನೀ ಯಾಕ ಕಟ್ಟೀದಿ? ಬಿಚ್ಚಿ ಕೊಡು ಆಯಿ!"

ಬಗ್ಗಿ ತಲೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಸಲೀಸಾಗಿ ಬರಲಿಲ್ಲ. ನಾನೂ ಅವಸರ ಮಾಡಲಿಲ್ಲ.